‘ಮೇಡಂ, ನೋಟ್ಸ್ ಎಲ್ಲುಂಟು?’: ಕೋರ್ಸ್ ಪೇಜ್‌ನಲ್ಲಿ ಮಕ್ಕಳು ದಾರಿ ತಪ್ಪುವುದೇಕೆ

ಪ್ರಶ್ನೆ: ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಕಾಂ ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಪಾಠ ಮಾಡುತ್ತೇನೆ. ಮೂರು ವರ್ಷದಿಂದ ಮೂಡಲ್ ಎಂಬ ಆನ್‌ಲೈನ್ ಪಾಠದ ತಂತ್ರಾಂಶದಲ್ಲಿ ನನ್ನ ಕೋರ್ಸ್ ಪೇಜ್ ಇದೆ. ನೋಟ್ಸ್, ಪಿಪಿಟಿ, ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಹಾಕಿದ್ದೇನೆ. ಮೊನ್ನೆ ಎಣಿಸಿದಾಗ 94 ಐಟಂ ಇತ್ತು. ಆದರೂ ದಿನಾ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ‘ಮೇಡಂ, ಯುನಿಟ್ 3 ನೋಟ್ಸ್ ಎಲ್ಲುಂಟು?’, ‘ಅಸೈನ್‌ಮೆಂಟ್ ಯಾವತ್ತು ಕೊಡಬೇಕು?’ ಎಂಬ ಪ್ರಶ್ನೆಗಳು ತಪ್ಪುವುದಿಲ್ಲ. ಕಳೆದ ಸಲ 11 ಮಂದಿ ಅಸೈನ್‌ಮೆಂಟನ್ನು ಬೇರೆಲ್ಲೋ ಹಾಕಿಬಿಟ್ಟರು. ಪ್ರಿನ್ಸಿಪಾಲರು ‘ಪೇಜ್ ಆಕರ್ಷಕವಾಗಿಲ್ಲ, ಬ್ಯಾನರ್ ಹಾಕಿ’ ಎನ್ನುತ್ತಾರೆ. ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ ‘ಏನಿದ್ದರೂ ಮೂರು ಕ್ಲಿಕ್‌ನಲ್ಲಿ ಸಿಗಬೇಕು, ಒಂದು ಪುಟದಲ್ಲಿ ಏಳಕ್ಕಿಂತ ಹೆಚ್ಚು ಇರಬಾರದು’ ಎನ್ನುತ್ತಾರೆ. ಮಕ್ಕಳು ನೋಡುವುದು ಮೊಬೈಲ್‌ನಲ್ಲೇ. ಹೆಬ್ರಿ, ಸಿದ್ಧಾಪುರ ಕಡೆಯವರಿಗೆ ಮನೆಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಈ ವರ್ಷ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿಯೂ ಇದ್ದಾನೆ. ಮಕ್ಕಳಿಗೇ ಆಸಕ್ತಿ ಇಲ್ಲವೋ, ನನ್ನ ಪೇಜೇ ಸರಿ ಇಲ್ಲವೋ? ಎಲ್ಲಿಂದ ಶುರು ಮಾಡಲಿ? ಪ್ರಿನ್ಸಿಪಾಲರಿಗೆ ಏನು ಹೇಳಲಿ?

— ಉಪನ್ಯಾಸಕಿ, ಉಡುಪಿ

ಉತ್ತರ: ರಾತ್ರಿ ಬರುವ ಆ ಮೆಸೇಜ್‌ಗಳನ್ನು ಡಿಲೀಟ್ ಮಾಡಬೇಡಿ, ಮೇಡಂ. ಒಂದು ವಾರದ್ದನ್ನು ಒಂದು ಹಾಳೆಯಲ್ಲಿ ಬರೆದು, ಒಂದೇ ತರಹದ್ದನ್ನು ಒಟ್ಟಿಗೆ ಎಣಿಸಿ. ಮಂಗಳೂರಿನಲ್ಲಿ ಕೂತು ಕಾಲೇಜುಗಳಿಗೆ ಕೋರ್ಸ್ ಪೇಜ್ ಮಾಡಿಕೊಡುವ ಕೆಲಸ ಹಿಡಿದು ನನಗೆ ಹನ್ನೆರಡು ವರ್ಷವಾಯಿತು. ಎಲ್ಲಿ ಹೋದರೂ ಆ ಹಾಳೆಯಲ್ಲಿ ಕೊನೆಗೆ ಉಳಿಯುವುದು ಮೂರೇ ಪ್ರಶ್ನೆ. ಈಗ ನಾನೇನು ಮಾಡಬೇಕು? ಅದು ಎಲ್ಲುಂಟು? ಯಾವಾಗ ಕೊಡಬೇಕು? ನಿಮ್ಮ 94 ಐಟಂಗಳಲ್ಲಿ ಈ ಮೂರಕ್ಕೆ ನೇರ ಉತ್ತರ ಕೊಡುವಂಥದ್ದು ಎಷ್ಟಿವೆ, ನೀವೇ ನೋಡಿ.

ಆಸಕ್ತಿಯ ಮಾತು ಬಿಡಿ. ಆಸಕ್ತಿ ಇಲ್ಲದವರು ರಾತ್ರಿ ಹತ್ತು ಗಂಟೆಗೆ ನೋಟ್ಸ್ ಕೇಳುವುದಿಲ್ಲ, ಅಲ್ವಾ? ಪೇಜ್ ತೆರೆದು, ಸ್ವಲ್ಪ ಹುಡುಕಿ, ಸಿಗದೆ ಸೋತವರು ನಿಮ್ಮನ್ನು ಕೇಳುತ್ತಿದ್ದಾರೆ. ಕೇಳದೆ ಸುಮ್ಮನಾದವರು ಇನ್ನೂ ಜಾಸ್ತಿ ಇರಬಹುದು.

ಮೊದಲು, ನಿಮಗೆ ಸಿಕ್ಕಿದ ಮೂರು ಸಲಹೆಗಳು

ಮೂರು ಕ್ಲಿಕ್‌ನ ಮಾತು ನಾನೂ ಒಂದು ಕಾಲದಲ್ಲಿ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. ಅದನ್ನು 2003ರಲ್ಲಿ ಅಮೆರಿಕದ ಜೋಶುವಾ ಪೋರ್ಟರ್ ಎಂಬವರು ಪರೀಕ್ಷೆ ಮಾಡಿದರು. 44 ಜನ, 620 ಕೆಲಸಗಳು. ಮೂರು ಕ್ಲಿಕ್ ಆದ ಕೂಡಲೇ ಜನ ಬೇಸರಪಟ್ಟು ಬಿಟ್ಟು ಹೋಗುತ್ತಾರೆ ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಸರಿಯಾದ ದಾರಿಯಲ್ಲೇ ಇದ್ದೇನೆ ಎಂಬ ಧೈರ್ಯ ಇದ್ದರೆ ಜನ ಇನ್ನೂ ನಾಲ್ಕು ಸಲ ಒತ್ತುತ್ತಾರೆ. ಆ ಧೈರ್ಯ ಇಲ್ಲದಿದ್ದರೆ ಎರಡನೆಯದಕ್ಕೇ ವಾಪಸ್ಸು.

ಆದರೆ ಇಲ್ಲೊಂದು ವಿಷಯ ಉಂಟು. ಆ ಪರೀಕ್ಷೆಯ ಜನ ಹೆಬ್ರಿಯಲ್ಲಿ ಒಂದೇ ಕಡ್ಡಿಯ ಸಿಗ್ನಲ್ ಹಿಡಿದು ಕೂತವರಲ್ಲ. ನೆಟ್ ನಿಧಾನ ಇರುವಲ್ಲಿ ಪ್ರತಿ ಕ್ಲಿಕ್ ಎಂದರೆ ಚಕ್ರ ತಿರುಗುವುದನ್ನು ನೋಡುತ್ತಾ ಕೂರುವುದು. ಹಾಗಾಗಿ ಲೆಕ್ಕ ಹಿಡಿದು ಮೂರಕ್ಕೆ ನಿಲ್ಲಿಸಬೇಡಿ, ಆದರೆ ಸುಮ್ನೆ ಪುಟದ ಮೇಲೆ ಪುಟ ತೆರೆಸಲೂ ಬೇಡಿ.

ಏಳರ ಲೆಕ್ಕ ಬಂದದ್ದು 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಃಶಾಸ್ತ್ರಜ್ಞರು ಬರೆದ ಪ್ರಬಂಧದಿಂದ. ಅವರು ಹೇಳಿದ್ದು, ಕೇಳಿದ ಅಂಕಿ ಅಕ್ಷರಗಳನ್ನು ಆ ಕ್ಷಣಕ್ಕೆ ಎಷ್ಟು ನೆನಪಿಟ್ಟುಕೊಳ್ಳಬಹುದು ಎಂಬುದರ ಬಗ್ಗೆ. ನಿಮ್ಮ ಪಟ್ಟಿ ಮಕ್ಕಳ ಕಣ್ಣ ಮುಂದೆಯೇ ಇರುತ್ತದೆ, ಯಾರೂ ಬಾಯಿಪಾಠ ಮಾಡಬೇಕಾಗಿಲ್ಲ. ಹೋಟೆಲಿನ ಗೋಡೆಯಲ್ಲಿ ಮೂವತ್ತು ತಿಂಡಿಯ ಹೆಸರು ಬರೆದಿದ್ದರೂ ನಮಗೆ ಗೋಳಿಬಜೆ ಎಲ್ಲಿದೆ ಎಂದು ಕೂಡಲೇ ಕಾಣುತ್ತದೆ.

ಇನ್ನು ಬ್ಯಾನರ್. 2020ರ ಲಾಕ್‌ಡೌನ್ ಹೊತ್ತಿಗೆ ಒಂದು ಕಾಲೇಜಿಗೆ ನಾನೇ ಎಲ್ಲ ವಿಷಯಕ್ಕೂ ದೊಡ್ಡ ದೊಡ್ಡ ಚಿತ್ರ, ಬಣ್ಣದ ಗುಂಡಿ, ಹೊಳೆಯುವ ‘ನ್ಯೂ’ ಚಿಹ್ನೆ ಹಾಕಿ ಪೇಜ್ ಮಾಡಿಕೊಟ್ಟಿದ್ದೆ. ಯಕ್ಷಗಾನದ ಬಣ್ಣದ ವೇಷ ಇದ್ದ ಹಾಗೆ ಇತ್ತು. ಆಡಳಿತ ಮಂಡಳಿಗೆ ಬಹಳ ಹಿಡಿಸಿತು. ಪರೀಕ್ಷೆಯ ದಿನಾಂಕವನ್ನು ನಾನು ಆ ಬ್ಯಾನರಿನ ಒಳಗೇ ಚಂದದ ಅಕ್ಷರದಲ್ಲಿ ಬರೆದಿದ್ದೆ. ಮಕ್ಕಳಿಗೆ ಅದು ಕಾಣಲೇ ಇಲ್ಲ. ಜಾಹೀರಾತಿನ ಹಾಗೆ ಕಾಣುವುದನ್ನು ಕಣ್ಣು ತಾನಾಗಿ ದಾಟಿ ಹೋಗುತ್ತದೆ ಎಂದು 1998ರಲ್ಲೇ ಸಂಶೋಧಕರು ತೋರಿಸಿಕೊಟ್ಟಿದ್ದರು. ನಾನು ಓದಿರಲಿಲ್ಲ, ಅಷ್ಟೆ. ಮೊಬೈಲ್‌ನಲ್ಲಂತೂ ದೊಡ್ಡ ಬ್ಯಾನರ್ ಮೊದಲ ಪರದೆಯನ್ನೇ ನುಂಗಿಬಿಡುತ್ತದೆ. ಡೇಟಾ ಖರ್ಚು ಬೇರೆ.

ಹಾಗಾದರೆ ತೊಂದರೆ ಎಲ್ಲಿದೆ?

ಉಡುಪಿಯ ರಥಬೀದಿಗೆ ಹೊಸದಾಗಿ ಬಂದವರನ್ನು ನೋಡಿದ್ದೀರಲ್ಲ. ಅಷ್ಟಮಠಗಳಲ್ಲಿ ಯಾವುದು ಪೇಜಾವರ, ಯಾವುದು ಪಲಿಮಾರು ಎಂದು ಬಾಗಿಲಿನ ಬೋರ್ಡ್ ಓದಿಕೊಂಡೇ ಅವರು ಸುತ್ತಬೇಕು. ಊರಿನವರಿಗೆ ಬೋರ್ಡೇ ಬೇಡ, ಕಾಲೇ ಕರೆದುಕೊಂಡು ಹೋಗುತ್ತದೆ. ನಿಮ್ಮ ಪೇಜ್‌ನಲ್ಲಿ ನೀವು ಊರಿನವರು. 94 ಐಟಂಗಳನ್ನು ಒಂದೊಂದಾಗಿ ಇಟ್ಟದ್ದು ನೀವೇ. ಯಾವ ವರ್ಷ, ಯಾವ ಕ್ಲಾಸ್ ಆದ ಮೇಲೆ ಇಟ್ಟಿರಿ ಎಂಬುದೂ ನೆನಪಿದೆ. ಮಕ್ಕಳಿಗೆ ಬಾಗಿಲುಗಳಷ್ಟೇ ಕಾಣುತ್ತವೆ.

ಉಪನ್ಯಾಸಕರು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಜೋಡಿಸುತ್ತಾರೆ. ಒಂದು, ಹಾಕಿದ ಕ್ರಮದಲ್ಲೇ ಬಿಡುವುದು. ಇನ್ನೊಂದು, ಸಾಮಾನಿನ ಜಾತಿ ನೋಡಿ ಜೋಡಿಸುವುದು: ಪಿಡಿಎಫ್ ಎಲ್ಲ ಒಂದು ಕಡೆ, ವಿಡಿಯೊ ಒಂದು ಕಡೆ, ಪಿಪಿಟಿ ಒಂದು ಕಡೆ. ಎರಡನೆಯದು ನೋಡಲು ಬಹಳ ಶಿಸ್ತಾಗಿ ಕಾಣುತ್ತದೆ. ಆದರೆ ಯಾವ ವಿದ್ಯಾರ್ಥಿಯೂ ‘ಇವತ್ತು ನಾನೊಂದು ಪಿಡಿಎಫ್ ಓದಬೇಕು’ ಎಂದು ಬರುವುದಿಲ್ಲ. ‘ಓವರ್‌ಹೆಡ್ ಲೆಕ್ಕ ಅರ್ಥವಾಗಲಿಲ್ಲ’ ಎಂದು ಬರುತ್ತಾನೆ. ಅವನಿಗೆ ಬೇಕಾದ ನೋಟ್ಸ್, ವಿಡಿಯೊ, ಬಿಡಿಸಿದ ಲೆಕ್ಕ ಮೂರು ಮೂಲೆಯಲ್ಲಿ ಬಿದ್ದಿವೆ.

ಇದಕ್ಕಿಂತ ದೊಡ್ಡ ತೊಂದರೆ ಹೆಸರಿನದ್ದು. ಪೀಟರ್ ಪಿರೊಲ್ಲಿ, ಸ್ಟುವರ್ಟ್ ಕಾರ್ಡ್ ಎಂಬ ಇಬ್ಬರು ಸಂಶೋಧಕರು 1990ರ ದಶಕದಲ್ಲಿ ಒಂದು ಚಂದದ ಮಾತು ಹೇಳಿದರು. ಪ್ರಾಣಿ ವಾಸನೆ ಹಿಡಿದು ಆಹಾರ ಹುಡುಕುವ ಹಾಗೆಯೇ ಮನುಷ್ಯ ಮಾಹಿತಿ ಹುಡುಕುತ್ತಾನೆ. ಹೆಸರಿನಲ್ಲಿ ಬೇಕಾದ್ದರ ವಾಸನೆ ಬಂದರೆ ಮುಂದೆ ಹೋಗುತ್ತಾನೆ, ಇಲ್ಲದಿದ್ದರೆ ತಿರುಗುತ್ತಾನೆ. ಬೆಕ್ಕಿಗೆ ಮೀನಿನ ಬುಟ್ಟಿ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಬಸ್, ಬಸ್’ ಎಂದು ಕೂಗುತ್ತಾರಾ? ‘ಕಂಕನಾಡಿ, ಪಂಪ್‌ವೆಲ್, ತೊಕ್ಕೊಟ್ಟು’ ಎಂದು ದಾರಿಯನ್ನೇ ಕೂಗುತ್ತಾರೆ. ಕೋರ್ಸ್ ಪೇಜ್‌ಗಳಲ್ಲಿ ನಾನು ನೋಡುವ ಹೆಸರುಗಳೋ? ‘ಯುನಿಟ್2_ಫೈನಲ್_ನ್ಯೂ(1)’, ‘ನೋಟ್ಸ್’, ‘ನೋಟ್ಸ್ 2’, ‘ಇಂಪಾರ್ಟೆಂಟ್’. ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗ ತಾನಾಗಿ ಬಂದ ತಾರೀಕು, ಗಂಟೆ, ನಿಮಿಷವೇ ಹೆಸರಾಗಿ ಕೂತಿರುವುದೂ ಉಂಟು. ಅದನ್ನು ‘ಯುನಿಟ್ 2: ಫಿಫೋ ಮತ್ತು ವೆಯ್ಟೆಡ್ ಆವರೇಜ್, ಬಿಡಿಸಿದ 12 ಲೆಕ್ಕ, 9 ಪುಟ’ ಎಂದು ಬದಲಿಸಿ. ಪುಟದ ಸಂಖ್ಯೆ ಯಾಕೆ ಅಂದರೆ, ಬಸ್ಸಿನಲ್ಲಿ ಕೂತವಳಿಗೆ ಇದು ಮನೆ ಮುಟ್ಟುವುದರೊಳಗೆ ಓದಿ ಮುಗಿಯುತ್ತದೋ ಇಲ್ಲವೋ ತಿಳಿಯಬೇಕು. ಫೈಲ್ ದೊಡ್ಡದಿದ್ದರೆ ಎಷ್ಟು ಎಂಬಿ ಎಂದೂ ಬರೆಯಿರಿ.

ಒಂದು ಮಾತು ನೆನಪಿಡಿ. ಒಂದು ಕಡೆ ಯುನಿಟ್, ಇನ್ನೊಂದು ಕಡೆ ಮಾಡ್ಯೂಲ್, ಮತ್ತೊಂದು ಕಡೆ ಘಟಕ ಎಂದು ಬರೆಯಬೇಡಿ. ಸಿಲೆಬಸ್‌ನಲ್ಲಿ ಯಾವ ಪದ ಇದೆಯೋ, ನೀವು ಕ್ಲಾಸಿನಲ್ಲಿ ಬಾಯಲ್ಲಿ ಹೇಳುವುದು ಯಾವುದೋ, ಅದನ್ನೇ ಕೊನೆವರೆಗೂ ಇಟ್ಟುಕೊಳ್ಳಿ.

ನನ್ನ ಅನುಭವದಲ್ಲಿ ಬೇರೆ ಏನೂ ಮುಟ್ಟದೆ ಹೆಸರು ಮಾತ್ರ ಸರಿ ಮಾಡಿದರೂ ಮೆಸೇಜ್‌ಗಳು ಇಳಿಯುತ್ತವೆ. ದುಡ್ಡು ಬೇಡ, ಡಿಸೈನ್ ಗೊತ್ತಿರಬೇಕಾಗಿಲ್ಲ. ಎರಡು ಮಧ್ಯಾಹ್ನದ ಕೆಲಸ.

ಆ 11 ಮಂದಿ

ನೀವು ಬರೆದಿಲ್ಲ, ಆದರೆ ಹೀಗೇ ಆಗಿರಬೇಕು ಎಂದು ಊಹಿಸುತ್ತೇನೆ. ಅಸೈನ್‌ಮೆಂಟಿನ ಪ್ರಶ್ನೆ ಒಂದು ಪಿಡಿಎಫ್‌ನಲ್ಲಿ, ಒಂದು ಜಾಗದಲ್ಲಿ. ಉತ್ತರ ಹಾಕುವ ಡಬ್ಬಿ ಬೇರೆ ಜಾಗದಲ್ಲಿ. ಜೊತೆಗೆ ಹಿಂದಿನ ಅಸೈನ್‌ಮೆಂಟಿನ ಡಬ್ಬಿ ಇನ್ನೂ ಬಾಯಿ ತೆರೆದುಕೊಂಡು ಕೂತಿದೆ. ಎರಡರ ಹೆಸರೂ ‘ಅಸೈನ್‌ಮೆಂಟ್ ಸಬ್‌ಮಿಷನ್’.

ಮೂಡಲ್‌ನಲ್ಲಿ ಕೊಡಬೇಕಾದ ದಿನ, ಅಂದರೆ ಡ್ಯೂ ಡೇಟ್ ಬೇರೆ. ಕಟ್ ಆಫ್ ಡೇಟ್ ಬೇರೆ. ಡ್ಯೂ ಡೇಟ್ ಮಾತ್ರ ಹಾಕಿದರೆ ಆ ದಿನ ದಾಟಿದ ಮೇಲೂ ಡಬ್ಬಿ ತೆಗೆದುಕೊಳ್ಳುತ್ತಲೇ ಇರುತ್ತದೆ, ತಡವಾಯಿತು ಎಂದು ಗುರುತು ಹಾಕುತ್ತದೆ ಅಷ್ಟೆ. ಬಾಗಿಲು ಮುಚ್ಚುವುದು ಕಟ್ ಆಫ್ ಡೇಟ್. ಹಳೆಯದಕ್ಕೆಲ್ಲ ಅದನ್ನು ಹಾಕಿ. ಪ್ರಶ್ನೆಯ ಫೈಲನ್ನು ಬೇರೆ ಐಟಂ ಮಾಡದೆ ಅಸೈನ್‌ಮೆಂಟಿನ ಒಳಗೇ ಲಗತ್ತಿಸಿ. ಪ್ರಶ್ನೆ ಓದಿದ ಜಾಗದಲ್ಲೇ ಉತ್ತರ ಹಾಕಿದರೆ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ದಿನಾಂಕವನ್ನು ಪಿಡಿಎಫ್‌ನೊಳಗೆ ಮಾತ್ರ ಬರೆದು ಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಮೂಡಲ್‌ನ ಕ್ಯಾಲೆಂಡರ್‌ಗೆ ಅದು ಗೊತ್ತೇ ಆಗುವುದಿಲ್ಲ, ಮಕ್ಕಳಿಗೆ ನೆನಪಿಸುವುದೂ ಇಲ್ಲ. ಸೆಟ್ಟಿಂಗ್‌ನಲ್ಲೇ ಹಾಕಿ.

ವಾರದ ಲೆಕ್ಕವೋ, ಯುನಿಟ್ ಲೆಕ್ಕವೋ

ಮೂಡಲ್ 2002ರಿಂದ ಇರುವ ತಂತ್ರಾಂಶ. ವಾರದ ಪ್ರಕಾರ ಜೋಡಿಸುವುದು, ವಿಷಯದ ಪ್ರಕಾರ ಜೋಡಿಸುವುದು, ಎರಡೂ ಅದರಲ್ಲಿ ಉಂಟು. ಹೊರಗಿನ ಸಲಹೆಗಾರರು ಹೆಚ್ಚಾಗಿ ವಾರವನ್ನೇ ಹೇಳುತ್ತಾರೆ. ‘ಈಗ ಏನು ಮಾಡಬೇಕು’ ಎಂಬುದಕ್ಕೆ ಅದು ತಾನಾಗಿ ಉತ್ತರ ಕೊಡುತ್ತದೆ ಎನ್ನುವುದು ನಿಜ. ಆದರೆ ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಳೆದವರಿಗೆ ಅದರ ಕಷ್ಟ ಗೊತ್ತು. ಜುಲೈಯಲ್ಲಿ ರೆಡ್ ಅಲರ್ಟ್ ಬಂತು, ಬೆಳಿಗ್ಗೆ ಡಿಸಿ ರಜೆ ಕೊಟ್ಟರು. ಕೆಲವೊಮ್ಮೆ ಡಿಗ್ರಿ ಕಾಲೇಜಿಗೂ. ಎರಡು ದಿನ ಹೀಗಾದರೆ ಪಾಠ ಹಿಂದೆ ಬೀಳುತ್ತದೆ, ಪೇಜ್‌ನಲ್ಲಿರುವ ತಾರೀಕು ಮಾತ್ರ ಮುಂದೆ ಓಡುತ್ತದೆ. ಪೇಜ್ ಹೇಳುವುದು ಒಂದು, ಕ್ಲಾಸಿನಲ್ಲಿ ನಡೆಯುವುದು ಇನ್ನೊಂದು. ಒಮ್ಮೆ ಹೀಗಾಯಿತೆಂದರೆ ಮಕ್ಕಳು ಪೇಜ್‌ನ ಮಾತನ್ನು ನಂಬುವುದು ಬಿಟ್ಟು ನಿಮ್ಮನ್ನೇ ಕೇಳುತ್ತಾರೆ.

ನಿಮಗೆ ನಾನು ಹೇಳುವುದು ಯುನಿಟ್ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಮೇಲೆ ‘ಈ ವಾರ’ ಎಂಬ ನಾಲ್ಕು ಸಾಲು ಇಡಿ. ಏನು ಓದಬೇಕು, ಯಾವ ಲೆಕ್ಕ ಮಾಡಬೇಕು, ಏನು ಯಾವತ್ತು ಕೊಡಬೇಕು. ಅಲ್ಲಿಂದಲೇ ಆಯಾ ಐಟಂಗೆ ಲಿಂಕ್. ಇದರ ಅಪಾಯ ಹೇಳಲೇಬೇಕು: ಪ್ರತಿ ಸೋಮವಾರ ನೀವು ಬದಲಿಸಬೇಕು. ಆಗಸ್ಟ್‌ನಲ್ಲಿ ಜೂನ್‌ನ ‘ಈ ವಾರ’ ನೇತಾಡುತ್ತಿದ್ದರೆ ಅದು ಇಲ್ಲದಿರುವುದೇ ಒಳ್ಳೆಯದು. ಬದಲಿಸಿದ ತಾರೀಕನ್ನೂ ಬರೆಯಿರಿ. ಹತ್ತು ನಿಮಿಷ ಸಿಗುವುದಿಲ್ಲ ಎಂದು ಅನ್ನಿಸಿದರೆ ಈ ಸಲಹೆ ಬಿಟ್ಟುಬಿಡಿ, ಯುನಿಟ್ ಮಾತ್ರ ಸಾಕು.

ಯುನಿಟ್‌ಗಳ ಒಳಗೆ ಒಂದೇ ಕ್ರಮ ಇರಲಿ: ಮೊದಲು ನೋಟ್ಸ್, ಆಮೇಲೆ ಬಿಡಿಸಿದ ಲೆಕ್ಕ, ವಿಡಿಯೊ, ಅಭ್ಯಾಸ, ಕೊನೆಗೆ ಅಸೈನ್‌ಮೆಂಟ್. ಯುನಿಟ್ 1ರಲ್ಲಿ ಒಮ್ಮೆ ರೂಢಿಯಾದರೆ ಯುನಿಟ್ 4ರಲ್ಲಿ ಹುಡುಕುವ ಕೆಲಸವೇ ಇಲ್ಲ.

‘ಎಲ್ಲ ಫೋಲ್ಡರ್ ಒಳಗೆ ಹಾಕಿದರೆ ಪೇಜ್ ಚಿಕ್ಕದಾಗುತ್ತದಲ್ಲ?’ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ಬುಟ್ಟಿಯ ಮೇಲೆ ಗೋಣಿ ಮುಚ್ಚಿದ ಹಾಗೆ, ವಾಸನೆ ಹೊರಗೆ ಬರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಂಥ ಒಂದೇ ತರಹದ್ದಕ್ಕೆ ಫೋಲ್ಡರ್ ಒಳ್ಳೆಯದು. ಬೇರೆಯದಕ್ಕೆ ಬೇಡ. ಒಂದು ಪುಟಕ್ಕೆ ಒಂದೇ ಯುನಿಟ್ ತೋರಿಸುವ ಸೆಟ್ಟಿಂಗ್ ಕೂಡ ಉಂಟು. ಉದ್ದ ಕಡಿಮೆಯಾಗುತ್ತದೆ, ಆದರೆ ಪ್ರತಿ ಯುನಿಟ್‌ಗೂ ಹೊಸ ಪುಟ ತೆರೆಯಬೇಕು. ನಿಮ್ಮ ಹೆಬ್ರಿಯ ಮಕ್ಕಳನ್ನು ನೆನೆದು ನಾನು ಅದನ್ನು ಬೇಡ ಎನ್ನುತ್ತೇನೆ. ಯುನಿಟ್‌ಗಳನ್ನು ಮಡಚಿಡುವ ಸೌಲಭ್ಯ ಈಗಿನ ಮೂಡಲ್‌ನಲ್ಲೇ ಇದೆ, ಅದು ಸಾಕು.

‘ಒಂದು ಮುಗಿಸಿದರೆ ಮಾತ್ರ ಮುಂದಿನದು ತೆರೆಯಲಿ’ ಎಂದು ಬೀಗ ಹಾಕುವ ಆಸೆ ಕೆಲವರಿಗೆ. ಬೀಗದ ಪಕ್ಕದ ಕಣ್ಣಿನ ಗುರುತು ಮುಚ್ಚಿದ್ದರೆ ಆ ಐಟಂ ಮಕ್ಕಳಿಗೆ ಕಾಣುವುದೇ ಇಲ್ಲ. ‘ಮೇಡಂ, ನನ್ನ ಪೇಜ್‌ನಲ್ಲಿ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ ಮಾರಾಯ್ರೆ. ಬೀಗವನ್ನು ಕ್ವಿಜ್‌ಗೆ ಹಾಕಿ, ನೋಟ್ಸ್‌ಗೆ ಹಾಕಬೇಡಿ.

ನೆಟ್ ಇಲ್ಲದ ಮಕ್ಕಳಿಗೆ ಮೂಡಲ್ ಆ್ಯಪ್ ತೋರಿಸಿಕೊಡಿ. ಕಾಲೇಜಿನ ಅಡ್ಮಿನ್ ಮೊಬೈಲ್ ಸೇವೆ ತೆರೆದಿಟ್ಟಿದ್ದರೆ, ಕಾಲೇಜಿನಲ್ಲೇ ಫೈಲ್‌ಗಳನ್ನು ಇಳಿಸಿಕೊಂಡು ಮನೆಯಲ್ಲಿ ಓದಬಹುದು. ಯೂಟ್ಯೂಬ್ ಲಿಂಕ್‌ಗಳು ಹಾಗೆ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಗೂಗಲ್ ಕ್ಲಾಸ್‌ರೂಮ್ ಬಳಸುವ ಓದುಗರಿಗೂ ಒಂದು ಮಾತು. ಅಲ್ಲಿ ‘ಸ್ಟ್ರೀಮ್’ ಅನ್ನುವುದು ಹೆಸರಿಗೆ ತಕ್ಕ ಹಾಗೆ ಹೊಳೆಯೇ. ಹಾಕಿದ್ದೆಲ್ಲ ಕೆಳಗೆ ಹರಿದು ಹೋಗುತ್ತದೆ. ಸೂಚನೆ ಮಾತ್ರ ಅಲ್ಲಿ ಹಾಕಿ, ನೋಟ್ಸ್ ಮತ್ತು ಅಸೈನ್‌ಮೆಂಟ್ ‘ಕ್ಲಾಸ್‌ವರ್ಕ್’ನಲ್ಲಿ ಟಾಪಿಕ್ ಮಾಡಿ ಇಡಿ.

ಕಣ್ಣು ಕಾಣದ ವಿದ್ಯಾರ್ಥಿ

ಅವನನ್ನು ಕೂರಿಸಿಕೊಂಡು ಪೇಜ್ ಹೇಗೆ ಬಳಸುತ್ತಾನೆ ಎಂದು ಒಮ್ಮೆ ಕೇಳಿ, ನೋಡಿ. ಅವನ ಫೋನ್ ಪರದೆಯನ್ನು ಓದಿ ಹೇಳುತ್ತದೆ. ಆಂಡ್ರಾಯ್ಡ್ ಆದರೆ ಟಾಕ್‌ಬ್ಯಾಕ್ ಅದರಲ್ಲೇ ಇರುತ್ತದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಉಂಟು. ಇವುಗಳಲ್ಲಿ ಒಂದು ಲಿಂಕ್‌ನಿಂದ ಇನ್ನೊಂದು ಲಿಂಕ್‌ಗೆ, ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗಬಹುದು. ಎಲ್ಲ ಲಿಂಕ್‌ಗೂ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆದಿದ್ದರೆ ಅವನಿಗೆ ಹತ್ತು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಎಂದಷ್ಟೇ ಕೇಳುತ್ತದೆ. ಅಕ್ಷರ ದಪ್ಪ ಮಾಡಿದ ಮಾತ್ರಕ್ಕೆ ಅದು ಶೀರ್ಷಿಕೆ ಆಗುವುದಿಲ್ಲ. ಎಡಿಟರ್‌ನಲ್ಲಿ ಹೆಡಿಂಗ್ ಎಂದೇ ಆರಿಸಬೇಕು.

ಕೈಬರಹ ಸ್ಕ್ಯಾನ್ ಮಾಡಿದ ಪಿಡಿಎಫ್ ಅವನ ಪಾಲಿಗೆ ಖಾಲಿ ಹಾಳೆ. ಕನ್ನಡದಲ್ಲಿ ನೋಟ್ಸ್ ಮಾಡುವವರಿಗೆ ಇನ್ನೊಂದು ಬಲೆ ಇದೆ. ‘ನುಡಿ’ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಫೋನ್, ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದರೆ ನಮಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಫೋನ್ ಅದನ್ನೇ ಓದುತ್ತದೆ. ಹುಡುಕಿದರೂ ಸಿಗುವುದಿಲ್ಲ, ಅದು ಉಳಿದ ಮಕ್ಕಳಿಗೂ ನಷ್ಟವೇ. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಕಾಸ್ಟ್ ಶೀಟನ್ನು ಫೋಟೊ ಹಾಕದೆ ನಿಜವಾದ ಟೇಬಲ್ ಆಗಿ ಮಾಡಿ. ಕೆಂಪು ಬಣ್ಣದ್ದು ಕಡ್ಡಾಯ, ಹಸಿರಿನದ್ದು ಐಚ್ಛಿಕ ಎಂದು ಬಣ್ಣದಲ್ಲೇ ಹೇಳಬೇಡಿ, ಪದದಲ್ಲಿ ಬರೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೆಲ್ಲ ಹಕ್ಕು ಎಂದೇ ನೋಡುತ್ತದೆ. 94 ಫೈಲ್‌ಗಳನ್ನೂ ಒಂದೇ ವಾರದಲ್ಲಿ ಬದಲಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಮುಂದಿನ ಯುನಿಟ್‌ನದ್ದರಿಂದ ಶುರು ಮಾಡಿ. ಅವನಿಗೆ ಯಾವುದು ಮೊದಲು ಬೇಕು ಎಂದು ಅವನೇ ಹೇಳುತ್ತಾನೆ.

ಎಲ್ಲಿಂದ ಶುರು ಮಾಡುವುದು

ಡಿಲೀಟ್ ಮಾಡುವುದರಿಂದಂತೂ ಬೇಡ. ಈ ಸೆಮಿಸ್ಟರ್‌ಗೆ ಬೇಡದ್ದನ್ನು ಹೈಡ್ ಮಾಡಿ. ಮೂರು ವರ್ಷದ್ದು ಸೇರಿ 94 ಆಗಿದ್ದರೆ, ಅರ್ಧದಷ್ಟು ಅಲ್ಲೇ ಕಡಿಮೆಯಾದರೂ ಆಶ್ಚರ್ಯವಿಲ್ಲ. ಉಳಿದವುಗಳ ಹೆಸರನ್ನು ಚೀಟಿಗಳಲ್ಲಿ ಬರೆದು, ಐದು ಮಕ್ಕಳಿಗೆ ಒಬ್ಬೊಬ್ಬರಾಗಿ ಕೊಟ್ಟು ‘ನಿಮಗೆ ತೋಚಿದ ಹಾಗೆ ಗುಂಪು ಮಾಡಿ’ ಎನ್ನಿ. ಯಾವ ಚೀಟಿ ಹಿಡಿದು ‘ಇದೆಂತ ಮೇಡಂ?’ ಎನ್ನುತ್ತಾರೋ ಅದರ ಹೆಸರು ಬದಲಿಸಬೇಕು. ಕ್ಲಾಸಿನ ಮೊದಲ ಬೆಂಚಿನವರನ್ನೇ ಕರೆಯಬೇಡಿ, ಅಷ್ಟೆ. ಮೆಸೇಜ್ ಮಾಡುವವರನ್ನು ಕರೆಯಿರಿ.

ಜೋಡಿಸಿ ಆದ ಮೇಲೆ ಮೂಡಲ್‌ನಲ್ಲಿ ‘ಸ್ವಿಚ್ ರೋಲ್’ ಒತ್ತಿ ವಿದ್ಯಾರ್ಥಿಯಾಗಿ ನೋಡಿ, ಅದೂ ಫೋನಿನಲ್ಲಿ. ಕಂಪ್ಯೂಟರ್‌ನಲ್ಲಿ ಪಕ್ಕದಲ್ಲಿ ಚಂದವಾಗಿ ಕಾಣುವ ಕೋರ್ಸ್ ಇಂಡೆಕ್ಸ್, ಅಂದರೆ ಪೇಜ್‌ನಲ್ಲಿ ಇರುವುದೆಲ್ಲದರ ಪಟ್ಟಿ, ಫೋನಿನಲ್ಲಿ ಒಂದು ಸಣ್ಣ ಗುರುತಿನ ಹಿಂದೆ ಅಡಗಿ ಕೂರುತ್ತದೆ. ಅದು 2022ರಲ್ಲಿ, ಮೂಡಲ್ 4.0ರಲ್ಲಿ ಬಂದ ಸೌಲಭ್ಯ. ಮಕ್ಕಳಲ್ಲಿ ಎಷ್ಟು ಜನ ಅದನ್ನು ಒತ್ತಿ ನೋಡಿದ್ದಾರೆ, ಕೇಳಿ. ಮೊದಲ ಕ್ಲಾಸಿನಲ್ಲಿ ಐದು ನಿಮಿಷ ಕೊಟ್ಟು ತೋರಿಸಿ.

ಆಮೇಲೆ ಒಬ್ಬೊಬ್ಬ ವಿದ್ಯಾರ್ಥಿಯನ್ನು ಕೂರಿಸಿ ‘ಯುನಿಟ್ 3ರ ನೋಟ್ಸ್ ತೆಗಿ ನೋಡುವ’ ಎನ್ನಿ. ನೀವು ಬಾಯಿ ಬಿಡಬಾರದು. ಇದು ಅಷ್ಟು ಸುಲಭವಲ್ಲ. ‘ಅಲ್ಲೇ ಉಂಟಲ್ಲ, ಕೆಳಗೆ, ಕೆಳಗೆ’ ಎಂದು ಹೇಳಲು ನಾಲಿಗೆ ತುರಿಸುತ್ತದೆ. ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದೆ ಬಂತು, ಬರೆದುಕೊಳ್ಳಿ. ಐದು ಜನ ಸಾಕಾ ಎಂದು ಕೇಳಬೇಡಿ. ಹೀಗೆ ಕೆಲಸ ಕೊಟ್ಟು ನೋಡಿದರೆ ಹೆಚ್ಚಿನ ತಪ್ಪುಗಳು ಮೊದಲ ಐದು ಮಂದಿಯಲ್ಲೇ ಹೊರಬೀಳುತ್ತವೆ ಎಂದು ವೆಬ್‌ಸೈಟ್ ಬಳಕೆಯ ಪರಿಣತ ಜೇಕಬ್ ನೀಲ್ಸನ್ 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಪೇಜ್ ಸರಿಯಾದ ಮೇಲೂ ಮೆಸೇಜ್ ಪೂರ್ತಿ ನಿಲ್ಲುವುದಿಲ್ಲ; ವಾಟ್ಸ್‌ಆ್ಯಪ್‌ನಲ್ಲಿ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಆಗ ಫೈಲ್ ಕಳಿಸಬೇಡಿ, ಪೇಜ್‌ನ ಲಿಂಕ್ ಕಳಿಸಿ.

ಪ್ರಿನ್ಸಿಪಾಲರಿಗೆ ಏನೂ ಹೇಳಬೇಡಿ. ಈಗಿನ ಪೇಜ್ ಬದಲಿಸುವ ಮೊದಲು ಒಂದು ದಿನ ಅವರ ಛೇಂಬರ್‌ಗೆ ಹೋಗಿ, ಪೇಜ್ ತೆರೆದ ಫೋನನ್ನು ಅವರ ಕೈಗೆ ಕೊಟ್ಟು, ‘ಸರ್, ಎರಡನೇ ಇಂಟರ್ನಲ್ ಯಾವತ್ತು ಅಂತ ಇದರಲ್ಲಿ ನೋಡಿ ಹೇಳ್ತೀರಾ?’ ಎಂದು ಕೇಳಿ. ಆಮೇಲೆ ಪಕ್ಕದಲ್ಲಿ ಸುಮ್ಮನೆ ನಿಂತಿರಿ.